ಮರೆಯಾದ ಹೊಳೆ

ಪ್ಯಾರಿಸ್ ಪಟ್ಟಣವೆಂದೊಡನೆ ನೆನಪಿಗೆ ಬರುವುದು ಸೀನ್ ನದಿ. ಅದೇ ಪಟ್ಟಣದಲ್ಲಿ ಇನ್ನೊಂದು ಹೊಳೆಯೂ ಹರಿಯುತ್ತಿದ್ದಿತೆಂಬುದನ್ನು ಬಲ್ಲವರು ವಿರಳ. ಅದರ ಹೆಸರು ಬಿಯೆವ್ರ್. ಮಹಾನದಿಗಳ ಮಹಿಮೆಯನ್ನು ಕೊಂಡಾಡುವವರು ಅನೇಕರುಂಟು. ನನಗಾದರೋ ಈ ಪುಟ್ಟ ಹೊಳೆಯ ಮೇಲೆಯೇ ಮಮತೆ ಹೆಚ್ಚು. ಜೀವಮಾನವೆಲ್ಲ ಮನೆಗೆಲಸದಲ್ಲಿ ಸವೆದವರನ್ನು ಕಡೆಗೆ ಮೂಲೆಗೊತ್ತುವಂತೆ ಜನರು ಇದನ್ನೂ ಕಂಡರು.

ವರ್ಸೇಲ್ಸ್ ಅರಮನೆಗೆ ಸಮೀಪದ ಗಿಯಾಂಕೂರ್ ಎಂಬಲ್ಲಿ ಈ ಹೊಳೆಯು ಹುಟ್ಟುತ್ತದೆ. ಉದ್ದವು ಸುಮಾರು 35 ಕಿಲೋಮೀಟರು ಮಾತ್ರ. ಮೊದಲು ಪೂರ್ವಕ್ಕೂ ಆಮೇಲೆ ಉತ್ತರಕ್ಕೂ ಹರಿದು, ಹಿಂದೆ ಪ್ಯಾರಿಸ್ಸಿನಲ್ಲಿ ಸೀನ್ ನದಿಯನ್ನು ಎಡದಂಡೆಯಿಂದ ಸೇರುತ್ತಿದ್ದಿತು. ನೀರು ಸ್ವಲ್ಪವೇ ಆದರೂ ಅದು ಹೊತ್ತ ಹೊರೆ ಸ್ವಲ್ಪವಲ್ಲ. ಕಾಲುವೆಗಳಾಗಿ ಕವಲೊಡೆಯಿಸಿ ಅದರಿಂದ ಹಿಟ್ಟಿನ ಗಿರಣಿಗಳನ್ನು ತಿರುಗಿಸಿದರು. ಹದಿನೈದನೆಯ ಶತಮಾನದಲ್ಲಿ ಗೋಬ್ಲೆಂ ಮನೆತನದ ಬಣ್ಣಗಾರರು ಅದರ ದಡದಲ್ಲಿ ನೆಲಸಿದರು. ಚಿತ್ರಗಂಬಳಿಗಳಿಗೆ ಹೆಸರಾದ ರಾಜಕಾರ್ಖಾನೆಯು 1662ರಲ್ಲಿ ಅಲ್ಲಿಯೇ ಏರ್ಪಟ್ಟಿತು.

ಈ ಹೊಳೆಗೂ ನಮ್ಮ ದೇಶಕ್ಕೂ ಒಂದು ನಂಟುಂಟು. ಹಿಂದೂಸ್ಥಾನದಿಂದ ಹೋಗುತ್ತಿದ್ದ ಅಚ್ಚಿನ ಹತ್ತಿಬಟ್ಟೆಗೆ ಫ್ರೆಂಚರು ಮರುಳಾಗಲು, ತನ್ನ ನೇಕಾರರಿಗೆ ನಷ್ಟವಾದೀತೆಂದು ಅಲ್ಲಿಯ ಸರಕಾರವು 1686ರಲ್ಲಿ ಅದನ್ನು ನಿಷೇಧಿಸಿತು. 1759ರಲ್ಲಿ ನಿಷೇಧವು ತೊಲಗಿತು. ಮರುವರ್ಷವೇ ಒಬರ್‌ಕಾಂಫ್ ಎಂಬಾತನು ಇದೇ ಹೊಳೆಯ ದಡದ ಜೂಯಿ ಎಂಬ ಊರಿನಲ್ಲಿ ಅಂತಹ ಬಟ್ಟೆಗೆ ಅಚ್ಚೊತ್ತಲಾರಂಭಿಸಿದನು. ಬಟ್ಟೆಯನ್ನು ಹೊಳೆಯಲ್ಲಿ ಜಾಲಿಸಿ ಪಕ್ಕದ ಹುಲ್ಲುಗಾವಲುಗಳಲ್ಲಿ ಹರವುತ್ತಿದ್ದರು.

ಬಣ್ಣಗಾರರೊಡನೆ ಚರ್ಮ ಹದಮಾಡುವವರೂ ಅಗಸಗಿತ್ತಿಯರೂ ಸೇರಿದರು. ಊರ ಬಚ್ಚಲ ನೀರೂ ಕೂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ದುರ್ಗಂಧವು ತಡೆಯಲಾರದಷ್ಟಾಯಿತು. ಹೊಳೆಯನ್ನು ಭಾಗಭಾಗವಾಗಿ ಮುಚ್ಚುತ್ತ ಬಂದು, 1912ರ ಹೊತ್ತಿಗೆ ಪ್ಯಾರಿಸ್ಸಿನೊಳಗೆ ಅದು ಕಣ್ಣಿಗೇ ಬೀಳದಂತೆ ಮಾಡಿದರು. ನಾತವಡಗಿತು, ಕೊಳೆಯಡಗಲಿಲ್ಲ. ಹೊಳೆಯ ನೀರು ಚರಂಡಿಯ ಪಾಲಾಯಿತು.

ಈಗ ಆ ನಾಡಿನವರು ಅದನ್ನು ಮತ್ತೆ ಬೆಳಕಿಗೆ ತರುತ್ತಿದ್ದಾರೆ. ಪ್ಯಾರಿಸ್ಸಿನ ದಕ್ಷಿಣಕ್ಕಿರುವ ಲಾಯಿ-ಲೆ-ರೋಜ್ ಎಂಬಲ್ಲಿ 2016ರಲ್ಲಿಯೂ, ಅರ್ಕೆಯ್ ಮತ್ತು ಜಾಂತಿಯಿ ಎಂಬ ಊರುಗಳಲ್ಲಿ 2022ರಲ್ಲಿಯೂ ಕೆಲವು ನೂರು ಮೀಟರುಗಳಷ್ಟು ಹೊಳೆಯು ಬಿಸಿಲನ್ನು ಕಂಡಿತು. ಮೇಲಿನ ಮುಚ್ಚಳವನ್ನು ತೆಗೆದರಷ್ಟೇ ಸಾಲದು. ಹೊಳೆಗೆ ತಪ್ಪಿ ಬಂದು ಸೇರುವ ಮನೆಮನೆಯ ಹೊಲಸು ನೀರನ್ನು ಬೇರ್ಪಡಿಸಬೇಕು. ಮುಚ್ಚುವ ಕೆಲಸವನ್ನು ಸರಕಾರವೊಂದೇ ಮಾಡಿ ಮುಗಿಸಬಹುದು. ತೆರೆದ ಹೊಳೆಯನ್ನು ಶುಚಿಯಾಗಿಡಲು ಮಾತ್ರ ಪ್ರತಿಯೊಬ್ಬ ಗೃಹಸ್ಥನೂ ತನ್ನ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆಂಬುದನ್ನು ವಿಚಾರಿಸಿಕೊಳ್ಳಬೇಕು.