ಗೋಡೆ ನೆಟ್ಟಗಿರಲ್ಲ ಪುಟ್ಟಿ!

ಮ್ಯೂನಿಕ್‌ನಲ್ಲಿ ಬಾಡಿಗೆ ಮನೆಯ ಕೀಲಿ ಕೈಗೆ ಸಿಕ್ಕ ದಿನ ಬಾಗಿಲು ತೆಗೆದು ನೋಡಿದರೆ ಅಡುಗೆಮನೆ ಖಾಲಿ! ನೀರಿನ ಪೈಪು, ಪ್ಲಗ್ ಪಾಯಿಂಟ್ ಬಿಟ್ಟರೆ ಏನೂ ಇಲ್ಲ. ಜರ್ಮನಿಯಲ್ಲಿ ಎಷ್ಟೋ ಬಾಡಿಗೆ ಮನೆಗಳು ಹೀಗೇ. ಕಪಾಟು, ಸಿಂಕ್, ಕಟ್ಟೆ ಎಲ್ಲ ನಾವೇ ತಂದು ಹಾಕಿಕೊಳ್ಳಬೇಕು.

ಕಟ್ಟೆ ಅಂದ್ರೆ ನಮ್ಮೂರಿನ ಹಾಗೆ ಗ್ರಾನೈಟ್ ಅಲ್ಲ. 38 ಮಿಲಿಮೀಟರ್ ದಪ್ಪದ ಪಾರ್ಟಿಕಲ್ ಬೋರ್ಡ್, ಅದರ ಮೇಲೆ ಲ್ಯಾಮಿನೇಟ್, ಅಂದ್ರೆ ನಾವು ಸನ್‌ಮೈಕಾ ಅನ್ನೋದು. ನಾನು ಗೋಡೆಯಿಂದ ಗೋಡೆಗೆ ಟೇಪು ಹಿಡಿದೆ. 184 ಸೆಂಟಿಮೀಟರ್. ಅಂಗಡಿಯವರು ಅಷ್ಟಕ್ಕೇ ಕೊಯ್ದು ಕೊಟ್ಟರು. ತಂದು ಇಟ್ಟರೆ ಹಲಗೆ ಒಳಗೆ ಹೋಗಲೇ ಇಲ್ಲ. ಮತ್ತೆ ಅಳೆದರೆ ಮುಂದೆ 184, ಹಿಂದೆ 182.8!

ಅವತ್ತು ಶನಿವಾರ ಮಧ್ಯಾಹ್ನ ಮೂರು ಗಂಟೆ. ಇಲ್ಲಿ ಭಾನುವಾರ ಗರಗಸದ ಸದ್ದು ಮಾಡೋ ಹಾಗಿಲ್ಲ, ಅಂಗಡಿಗಳೂ ಮುಚ್ಚಿರುತ್ತವೆ. ಪಕ್ಕದ ಮನೆಯಾಕೆಯಿಂದ ಕಟಿಂಗ್ ಮಷೀನ್ ಇಸ್ಕೊಂಡು ಬಂದು, ತುಮಕೂರಿಗೆ ವಿಡಿಯೊ ಕಾಲ್ ಮಾಡಿದೆ.

“ಗೋಡೆ ಯಾವತ್ತೂ ನೆಟ್ಟಗಿರಲ್ಲ ಪುಟ್ಟಿ. ಹಿಂದೆ ಮುಂದೆ ಎರಡೂ ಕಡೆ ಅಳೀಬೇಕು” ಅಂದ್ರು ಅಪ್ಪ.

ನನ್ನಪ್ಪ ಬಡಗಿ. ಈ ಎರಡು ಪದ ಸಲೀಸಾಗಿ ಬರೆಯೋಕೆ ನನಗೆ ವರ್ಷಗಳೇ ಬೇಕಾದವು. ಇಂಜಿನಿಯರಿಂಗ್ ಸೇರಿದಾಗ ಹಾಸ್ಟೆಲ್ ಫಾರ್ಮಿನಲ್ಲಿ ತಂದೆಯ ಉದ್ಯೋಗ ಅಂತ ಇದ್ದ ಕಡೆ ‘ಬಿಸಿನೆಸ್’ ಅಂತ ಬರೆದಿದ್ದೆ. ಕೆಳಗೆ ಸಹಿ ಹಾಕಿದ್ದು ಅಪ್ಪನೇ. ಅದನ್ನು ಓದಿದರೋ ಇಲ್ಲವೋ ಗೊತ್ತಿಲ್ಲ. ಅವರು ಏನೂ ಅನ್ನಲಿಲ್ಲ, ನಾನೂ ಕೇಳಲಿಲ್ಲ.

ಮೊದಲು ಗೋಡೆಯ ಓರೆಗೆ ಸರಿಯಾಗಿ ಒಂದು ರಟ್ಟು ಕತ್ತರಿಸಿಸಿದರು. ಆಮೇಲೆ ನಾನೂ ಗಂಡನೂ ಸೇರಿ ಹಲಗೆ ಮಗುಚಿದೆವು. ಆ ಮಷೀನಿನ ಹಲ್ಲು ಕೆಳಗಿಂದ ಮೇಲಕ್ಕೆ ಕೊಯ್ಯುತ್ತೆ. ಸನ್‌ಮೈಕಾ ಮೇಲೆ ಇದ್ದರೆ ಚಕ್ಕೆ ಏಳುತ್ತೆ, ಅದಕ್ಕೇ ಅದು ಕೆಳಗಿರಬೇಕು. ಕೊಯ್ಯೋ ಜಾಗಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ರಟ್ಟಿಟ್ಟು ಗೆರೆ ಎಳೆದೆ. ಫೋನನ್ನು ಡಬ್ಬಕ್ಕೆ ಒರಗಿಸಿ, ಕನ್ನಡಕ ಹಾಕ್ಕೊಂಡು ಮಷೀನ್ ಎತ್ತಿಕೊಂಡೆ.

“ಏಯ್, ನಿಲ್ಸು! ಹಲಗೆ ಮಗುಚಿದ್ದೀಯ, ರಟ್ಟು ಮಗುಚಿದ್ದೀಯಾ?”

ಎದೆ ಧಸಕ್ ಅಂತು. ಓರೆ ಉಲ್ಟಾ ಬಿದ್ದಿತ್ತು! ಕೊಯ್ದಿದ್ದರೆ ಅಷ್ಟೂ ದುಡ್ಡು ಕಸಕ್ಕೆ. ರಟ್ಟು ತಿರುಗಿಸಿ ಹೊಸ ಗೆರೆ ಹಾಕಿದೆ. ನೆಟ್ಟಗಿರೋ ಪಟ್ಟಿಯೊಂದನ್ನು ಕ್ಲ್ಯಾಂಪ್ ಮಾಡಿ, ಅದರ ಪಕ್ಕದಲ್ಲೇ ಮಷೀನ್ ನಿಧಾನಕ್ಕೆ ತಳ್ಳಿದೆ.

ಹಲಗೆ ಜಾಗಕ್ಕೆ ಕೂತಿತು. “ಕೊಯ್ದ ಬದಿಗೆ ಸಿಲಿಕೋನ್ ಬಳಿದ್ಯಾ? ನೀರು ಕುಡಿದ್ರೆ ಬೋರ್ಡ್ ಉಬ್ಬುತ್ತೆ” ಅಂದ್ರು. ಕೂರಿಸೋ ಮೊದಲೇ ಬಳಿದಿದ್ದೆ. ಫೋನು ಹತ್ತಿರ ಹಿಡಿದು ತೋರಿಸಿದೆ.

“ಮುಂದುಗಡೆ ಎರಡು ಮೂರು ಮಿಲಿಮೀಟರ್ ಸಂದಿ ಇದೆ. ಅದಕ್ಕೂ ತುಂಬು, ಯಾರಿಗೂ ಕಾಣಲ್ಲ.”

“ನಿಮಗೆ ಕಾಣ್ತಲ್ಲಪ್ಪ?”

“ನನಗೆ ಎಲ್ಲಾ ಕಾಣುತ್ತೆ. ಕಂಡಿದ್ದನ್ನೆಲ್ಲ ಹೇಳಬಾರದು ಅಷ್ಟೇ” ಅಂತ ನಕ್ಕರು.

ಸಿಲಿಕೋನ್ ಹಿಡಿದ ಕೈ ಹಾಗೇ ನಿಂತಿತು. ಫಾರ್ಮಿನ ವಿಷಯ ನಾಲಿಗೆ ತುದಿಗೆ ಬಂತು, ಕೇಳೋಕೆ ಆಗಲಿಲ್ಲ. “ಊಟ ಮಾಡಿ ಅಪ್ಪ, ಹೊತ್ತಾಯ್ತು” ಅಂದು ಫೋನ್ ಇಟ್ಟೆ.

ಸೋಮವಾರ ಮಷೀನ್ ವಾಪಸ್ ಕೊಡೋಕೆ ಹೋದಾಗ ಪಕ್ಕದ ಮನೆಯಾಕೆ, ಇದನ್ನೆಲ್ಲ ಎಲ್ಲಿ ಕಲಿತಿರಿ ಅಂತ ಕೇಳಿದರು.

“ನನ್ನಪ್ಪ ಬಡಗಿ” ಅಂದೆ. ಬಡಗಿಗೆ ಜರ್ಮನ್‌ನಲ್ಲಿ ಏನಂತಾರೆ ಅಂತ ಮೊದಲೇ ನೋಡಿಕೊಂಡು ಹೋಗಿದ್ದೆ.