ಕಿಸೆಯಲ್ಲೊಂದು ಕಮ್ಮಾರಸಾಲೆ

ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಹಿಂದಿನ ತಲೆಮಾರಿನ ಹಿರಿಯರು ಚಂಚಿ ಇಲ್ಲದೆ ಹೊಸ್ತಿಲು ದಾಟಿದವರಲ್ಲ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು ಎಂದು ಅರೆಗಳಿರುವ ಆ ಬಟ್ಟೆಯ ಚೀಲದಲ್ಲಿ ಕೈಯಗಲದ ಅಡಕೊತ್ತು ಇದ್ದೇ ಇರುತ್ತಿತ್ತು. ಅಡಿಕೆ ಕತ್ತರಿಸುವುದು ಅದರ ಕೆಲಸ. ಆದರೆ ಹೊಲದಲ್ಲಿ ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಹಗ್ಗದ ಎಳೆ ತುಂಡರಿಸಲು, ಸಂದರ್ಭ ಬಂದರೆ ತಂತಿ ಕತ್ತರಿಸಲೂ ಅದೇ ಹೊರಬರುತ್ತಿತ್ತು. ತಂತಿಗೆ ಬಾಯಿ ಹಾಕಿದ ಅಡಕೊತ್ತು ಮರುದಿನ ಅಡಿಕೆಯನ್ನು ಜಗ್ಗುತ್ತಿತ್ತೇ ಹೊರತು ಕತ್ತರಿಸುತ್ತಿರಲಿಲ್ಲ. ಒಂದೇ ಹತಾರಕ್ಕೆ ಹತ್ತು ಕೆಲಸ ಹೇಳಿದರೆ ಏನಾಗುತ್ತದೆಂಬುದು ಆ ಹಿರಿಯರಿಗೆ ಯಾವ ಪುಸ್ತಕವನ್ನೂ ಓದದೆ ಗೊತ್ತಿತ್ತು.

ಈಗ ಅದೇ ಊರಿನ ಒಂದು ಮನೆಯ ಮಾತು. ಹುಡುಗ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ, ಡಿಪ್ಲೊಮಾಕ್ಕೆ ಸೀಟು ಸಿಕ್ಕಿದೆ, ಹಾಸ್ಟೆಲಿಗೆ ಹೊರಡುವ ತಯಾರಿ ನಡೆದಿದೆ. ಹಾಸಿಗೆ, ತಟ್ಟೆ, ಬಕೆಟ್ಟಿನ ಯಾದಿಯ ಕೊನೆಗೆ ಅವನು ಒಂದು ಮಲ್ಟಿಟೂಲನ್ನೂ ಸೇರಿಸಿದ. ಮೊಬೈಲಿನಲ್ಲಿ ಚಿತ್ರ ತೋರಿಸಿದ: ಹದಿನೆಂಟು ಹತಾರ, ಒಂದೇ ಹಿಡಿಕೆ. ಅಪ್ಪ ಕಬ್ಬು ಬೆಳೆಯುವವನು. ಕಾರ್ಖಾನೆಯ ಬಿಲ್ಲು ಬರುವವರೆಗೆ ಪ್ರತಿ ನೂರು ರೂಪಾಯಿಯನ್ನೂ ಎರಡು ಸಲ ಎಣಿಸುವ ಕಾಲ ಅದು. “ಆರುನೂರರೊಳಗ ಸಿಕ್ರ ನೋಡು. ರೊಕ್ಕ ಹೋದ್ರ ಹೋಗ್ಲಿ, ಬಟ್ಟು ಹೋಗಬಾರ್ದು” ಎಂದ. ಅಜ್ಜ ಮಾತ್ರ ಚಿತ್ರವನ್ನು ದೂರ ಹಿಡಿದು ನೋಡಿ, “ಎಲ್ಲಾ ಮಾಡತೈತಿ ಅಂತಾರಲ್ಲ, ಅಂಥಾದ್ದು ಒಂದೂ ಚಂದಾಗಿ ಮಾಡೂದಿಲ್ಲೋ ತಮ್ಮಾ” ಎಂದು ಮೊಬೈಲು ಮರಳಿ ಕೊಟ್ಟ.

ಅಜ್ಜನ ಮಾತಿನಲ್ಲಿ ಅರ್ಧ ಸತ್ಯವಿದೆ. ಇನ್ನರ್ಧಕ್ಕೆ ಈ ಹತಾರದ ಹುಟ್ಟನ್ನು ನೋಡಬೇಕು. ಸ್ವಿಟ್ಜರ್ಲೆಂಡಿನ ಸೈನಿಕನಿಗೆ ಹೊಸ ಬಂದೂಕನ್ನು ಬಿಚ್ಚಿ ಜೋಡಿಸಲು ತಿರುಪುಳಿ ಬೇಕಾಗಿತ್ತು, ಊಟದ ಡಬ್ಬಿ ತೆರೆಯಲು ಇನ್ನೊಂದು ಹತಾರ ಬೇಕಾಗಿತ್ತು. ಎರಡನ್ನೂ ಚಾಕುವಿನ ಜೊತೆ ಒಂದೇ ಹಿಡಿಕೆಗೆ ಸೇರಿಸಿದ ಮಡಚು ಚಾಕುಗಳನ್ನು ಕಾರ್ಲ್ ಎಲ್ಸೆನರ್ 1891ರಲ್ಲಿ ಸೈನ್ಯಕ್ಕೆ ಒದಗಿಸಿದರು. 1897ರಲ್ಲಿ ಹಗುರಾದ ಇನ್ನೊಂದು ಮಾದರಿ ಬಂತು. ಜಗತ್ತೆಲ್ಲ ‘ಸ್ವಿಸ್ ಚಾಕು’ ಎನ್ನುವುದು ಅದರ ಸಂತತಿಯನ್ನೇ. ಅದರಲ್ಲಿ ಬಾಟಲಿಯ ಬಿರಡೆ ತೆಗೆಯುವ ಸುರುಳಿಯೂ ಇತ್ತು. ಗಲಗಲಿಯಲ್ಲಿ ಅದಕ್ಕೇನು ಕೆಲಸ ಎನ್ನಬೇಡಿ. ಬಿಗಿದ ಹಗ್ಗದ ಗಂಟು ಸಡಿಲಿಸಲು ಅದರಂಥದ್ದು ಇನ್ನೊಂದಿಲ್ಲ.

ಇಕ್ಕಳ ಸೇರಿದ್ದು ಬಹಳ ತಡವಾಗಿ. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯೊಡನೆ ಹಳೆಯ ಫಿಯಟ್ ಕಾರಿನಲ್ಲಿ ಯುರೋಪು ಸುತ್ತಿದರು. ಕಾರು ಕೆಡುತ್ತಿತ್ತು, ತಂಗಿದಲ್ಲಿ ನಲ್ಲಿ ಸೋರುತ್ತಿತ್ತು. ಕಿಸೆಯಲ್ಲಿ ಚಾಕು ಇದ್ದರೂ ಹಿಡಿದು ತಿರುಗಿಸಲು ಇಕ್ಕಳ ಇರಲಿಲ್ಲ. ಊರಿಗೆ ಮರಳಿದವರು ವರ್ಷಗಟ್ಟಲೆ ಅದರ ಹಿಂದೆ ಬಿದ್ದರು. 1980ರಲ್ಲಿ ಪೇಟೆಂಟ್ ಸಿಕ್ಕಿತು, 1983ರಲ್ಲಿ ಮೊದಲ ಮಾಲು ಮಾರಾಟಕ್ಕೆ ಬಂತು. ಆ ಕಂಪನಿಯ ಅಸಲು ಹತಾರ ಇಂದು ಹಲವು ಸಾವಿರ ರೂಪಾಯಿ. ಅದರದೇ ಆಕಾರದ ನಕಲುಗಳು ಜಾತ್ರೆಯ ಅಂಗಡಿಯಲ್ಲೂ ಕೆಲವು ನೂರಕ್ಕೆ ಸಿಗುತ್ತವೆ. ನಕಲು ಎಂದಮಾತ್ರಕ್ಕೆ ಎಲ್ಲವೂ ಕಸವಲ್ಲ. ಆರಿಸಲು ಬರಬೇಕು, ಅಷ್ಟೆ.

ಮೊದಲು ಆ ‘ಹದಿನೆಂಟು’ ಎಂಬ ಲೆಕ್ಕ. ಹಿಡಿಕೆಯ ಬದಿಗೆ ಕೊರೆದ ಅಳತೆಪಟ್ಟಿ ಒಂದು ಹತಾರ, ಕೀಲಿ ಕಟ್ಟುವ ಬಳೆ ಒಂದು ಹತಾರ, ದೊಡ್ಡ, ನಡುವಿನ, ಸಣ್ಣ ತಿರುಪುಳಿ ಸೇರಿ ಮೂರು ಹತಾರ! ಹುಡುಗನ ಅವ್ವ ಒಂದು ಸುಲಭದ ಉಪಾಯ ಹೇಳಿದಳು. ಒಂದು ವಾರ ಮನೆಯಲ್ಲಿ ಏನೇನು ಕೆಟ್ಟಿತು, ಏನು ಬೇಕಾಯಿತು, ನೋಟುಬುಕ್ಕಿನಲ್ಲಿ ಬರೆ ಎಂದಳು. ಅವನು ಬರೆದದ್ದು ಹೀಗಿತ್ತು: ಸೈಕಲ್ಲಿನ ಮಡ್‌ಗಾರ್ಡ್ ನಟ್ಟು, ಹನಿ ನೀರಾವರಿಯ ಪೈಪು ಕತ್ತರಿಸಿದ್ದು, ತಂಗಿಯ ಕಾಲಿನ ಜಾಲಿಮುಳ್ಳು, ಟಾರ್ಚಿನ ತಿರುಪು, ಅಜ್ಜನ ಚಷ್ಮಾದ ತಿರುಪು, ಚೀಲದ ದಾರ. ಹದಿನೆಂಟರಲ್ಲಿ ಬೇಕಾದದ್ದು ಇಕ್ಕಳ, ಚಾಕು, ಕತ್ತರಿ, ಚಿಮಟ ಮತ್ತು ಎರಡು ಅಳತೆಯ ತಿರುಪುಳಿ. ಗರಗಸ ಒಮ್ಮೆಯೂ ಬೇಕಾಗಲಿಲ್ಲ. ಇದೇ ಪಟ್ಟಿಯನ್ನು ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಮನೆಯ ಹುಡುಗ ಬರೆದಿದ್ದರೆ ಕತ್ತರಿಯೇ ಮೇಲೆ ಬರುತ್ತಿತ್ತು.

ವಿಜ್ಞಾನದ ಪಾಠ ಓದಿದ ವಿದ್ಯಾರ್ಥಿಗೆ ಇಲ್ಲೊಂದು ತಮಾಷೆಯಿದೆ. ಆನಿಕೆ ನಡುವೆ ಇರುವ ಇಕ್ಕಳ ಮೊದಲನೆಯ ವರ್ಗದ ಸನ್ನೆ. ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆ, ಅಜ್ಜನ ಅಡಕೊತ್ತಿನಂತೆಯೇ, ಎರಡನೆಯ ವರ್ಗ. ಚಿಮಟ ಮೂರನೆಯ ವರ್ಗ. ಮೂರೂ ಒಂದೇ ಅಂಗೈಯಲ್ಲಿ! ಈ ಲೆಕ್ಕ ಅಂಗಡಿಯಲ್ಲೂ ಉಪಯೋಗಕ್ಕೆ ಬರುತ್ತದೆ. ಇಕ್ಕಳದ ಕೀಲಿನಿಂದ ಕೈ 10 ಸೆಂ.ಮೀ. ದೂರ, ಕಚ್ಚುವ ಜಾಗ 2 ಸೆಂ.ಮೀ. ದೂರ ಎನ್ನಿ. 20 ಕಿಲೋ ತೂಕದಷ್ಟು ಬಲದಿಂದ ಹಿಚುಕಿದರೆ ಬಾಯಲ್ಲಿ 100 ಕಿಲೋದಷ್ಟು ಬಲ. ನಡುವಿನ ಕೀಲು ಹೊರಬೇಕಾದದ್ದು ಎರಡರ ಮೊತ್ತ, 120 ಕಿಲೋದಷ್ಟು. ಅಗ್ಗದ ಹತಾರ ಮೊದಲು ಸೋಲುವುದು ಅಲ್ಲೇ. ಆದ್ದರಿಂದ ಇಕ್ಕಳವನ್ನು ಮುಚ್ಚಿ ಬೆಳಕಿಗೆ ಹಿಡಿದು ನೋಡಬೇಕು, ತುದಿಗಳೆರಡೂ ಕೂಡಿರಬೇಕು. ಪಕ್ಕಕ್ಕೆ ಅಲುಗಾಡಿಸಿದರೆ ಗಡಗಡ ಎನ್ನಬಾರದು.

ಎರಡನೆಯದು ಅಯಸ್ಕಾಂತ. ಪಾತ್ರೆ ಅಂಗಡಿಯಲ್ಲಿ ಹೆಣ್ಣುಮಕ್ಕಳು ಅಯಸ್ಕಾಂತ ಅಂಟಿದರೆ ‘ಸ್ಟೀಲು ಚಲೋ ಇಲ್ಲ’ ಎನ್ನುತ್ತಾರೆ. ಚಾಕುವಿಗೆ ಇದೇ ಮಾತು ತಿರುಗುಮುರುಗು. ಪಾತ್ರೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಕ್ರೋಮಿಯಮ್ಮಿನೊಡನೆ ನಿಕಲ್ ಇರುತ್ತದೆ. ಅದನ್ನು ಕಾಯಿಸಿ ತಣಿಸಿ ಗಡುಸು ಮಾಡಲು ಬರುವುದಿಲ್ಲ. ಅಲಗಿಗೆ ಬೇಕಾದದ್ದು ಸಾಕಷ್ಟು ಇಂಗಾಲವಿರುವ, ಹದ ಹಿಡಿಯುವ ಉಕ್ಕು. ಅದು ಅಯಸ್ಕಾಂತಕ್ಕೆ ಅಂಟುತ್ತದೆ. ಅಂಟಿದ್ದೆಲ್ಲ ಒಳ್ಳೆಯದೆಂದಲ್ಲ. ಆದರೆ ಈ ಬೆಲೆಯ ಮಾಲಿನಲ್ಲಿ ಅಂಟದ ಅಲಗನ್ನು ಅಲ್ಲೇ ಬಿಟ್ಟು ಬರಬಹುದು.

ಮೂರನೆಯದು ಅಪ್ಪನ ಬಟ್ಟಿನ ಮಾತು. ತೆರೆದ ಅಲಗು ತಾನಾಗಿ ಮಡಚದಂತೆ ಒಳಗೆ ಚಿಲಕದಂಥ ತಡೆ ಇರುತ್ತದೆ. ಅಗ್ಗದವುಗಳಲ್ಲಿ ಅದು ಇರುವುದೇ ಇಲ್ಲ, ಇಲ್ಲವೇ ಹೆಸರಿಗಷ್ಟೇ ಇರುತ್ತದೆ. ಪೈಪಿಗೆ ಮೊನೆ ಒತ್ತಿ ತೂತು ಮಾಡಹೋದರೆ ಅಲಗು ಹಿಂದಕ್ಕೆ ಮಡಚಿ ಕೂರುವುದು ಬೆರಳಿನ ಮೇಲೆಯೇ. ಅಲಗು ತೆರೆದು ಅದರ ಬೆನ್ನನ್ನು ಅಂಗಡಿಯ ಕಟ್ಟೆಗೆ ಮೆಲ್ಲಗೆ ತಟ್ಟಿ ನೋಡಬೇಕು, ಬೆರಳುಗಳನ್ನು ಅಲಗಿನ ದಾರಿಯಿಂದ ದೂರವಿಟ್ಟು. ಅಂಗಡಿಯವ ಮುಖ ಗಂಟು ಹಾಕಿದರೆ ಹಾಕಲಿ.

ಇನ್ನೊಂದು ಮಾತನ್ನು ಪಾಲಕರು ಮಕ್ಕಳನ್ನು ಎದುರಿಗೆ ಕೂಡಿಸಿಕೊಂಡೇ ಹೇಳಬೇಕು. ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ಪಂಪ್‌ಸೆಟ್ಟಿಗೆ ಓಡುವವನು ಮನೆಯ ಹುಡುಗನೇ. ಸ್ಟಾರ್ಟರ್ ಡಬ್ಬಿಯ ಎದುರು ಕಿಸೆಯಲ್ಲಿ ಇಕ್ಕಳವಿದ್ದರೆ ಕೈ ಸುಮ್ಮನಿರುವುದಿಲ್ಲ. ಮಲ್ಟಿಟೂಲು ತುದಿಯಿಂದ ಹಿಡಿಕೆಯವರೆಗೆ ಲೋಹ. ಹಿಡಿಕೆಗೆ ಕೆಂಪು ಪ್ಲಾಸ್ಟಿಕ್ ಪಟ್ಟಿ ಅಂಟಿಸಿದ್ದರೂ ಅದು ಚೆಂದಕ್ಕೆ, ವಿದ್ಯುತ್ತಿನ ತಡೆಗಲ್ಲ. ನಡುವಿನ ಮೊಳೆಗಳೆಲ್ಲ ಬರಿಯ ಲೋಹವೇ. ಫೇಸು ಫೇಸಿನ ನಡುವೆ 400 ವೋಲ್ಟಿಗೂ ಹೆಚ್ಚು, ಕಾಲ ಕೆಳಗೆ ಹಸಿ ಮಣ್ಣು. ಅಲ್ಲಿ ತಪ್ಪಿಗೆ ಎರಡನೆಯ ಅವಕಾಶ ಇರುವುದಿಲ್ಲ. ವೈರಮನ್ನರು ಬಳಸುವ, 1000 ವೋಲ್ಟ್ ಗುರುತಿರುವ ಇಕ್ಕಳವೇ ಬೇರೆ. ಅದನ್ನು ಹಿಡಿಯುವ ತರಬೇತಾದ ಕೈಯೂ ಬೇರೆ. ಮೇನ್ ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರಬಹುದು ಎಂಬುದನ್ನೂ ಹುಡುಗರು ತಿಳಿದಿರಲಿ. ಡಬ್ಬಿ ತೆರೆಯುವುದು ಅವರ ಕೆಲಸವಲ್ಲ.

ಅಪ್ಪ ಮಗ ಜಮಖಂಡಿಯ ಪೇಟೆಯಲ್ಲಿ ಮೂರು ಅಂಗಡಿ ತಿರುಗಿದರು. ಮೊದಲನೆಯದರಲ್ಲಿ ಇಕ್ಕಳ ಬೆಳಕು ಬಿಟ್ಟಿತು. ಎರಡನೆಯದರಲ್ಲಿ ಅಲಗು ಕಟ್ಟೆಗೆ ತಟ್ಟಿದೊಡನೆ ಮಡಚಿತು. ಮೂರನೆಯದರಲ್ಲಿ ಒಂಬತ್ತು ಹತಾರದ್ದೊಂದು ಐನೂರಾ ಐವತ್ತಕ್ಕೆ ಕುದುರಿತು. ಚಿಮಟ ಅದರಲ್ಲಿರಲಿಲ್ಲ, ಇಪ್ಪತ್ತು ರೂಪಾಯಿ ಕೊಟ್ಟು ಬೇರೆ ಕೊಂಡರು. ಹಾಸ್ಟೆಲಿನಲ್ಲಿ ಅಲಗಿರುವ ವಸ್ತು ಇಟ್ಟುಕೊಳ್ಳಬಹುದೇ ಎಂದು ವಾರ್ಡನ್ನರನ್ನು ಫೋನಿನಲ್ಲಿ ಕೇಳಿದ್ದು ಒಳ್ಳೆಯದೇ ಆಯಿತು. ಪೆಟ್ಟಿಗೆಯಲ್ಲಿರಲಿ, ತರಗತಿಗೂ ಪರೀಕ್ಷೆಗೂ ಕಿಸೆಯಲ್ಲಿ ತರಕೂಡದು ಎಂದರಂತೆ. ವಿಮಾನ ಹತ್ತುವವರಿಗೂ ಇದೇ ಬಗೆಯ ನಿಯಮ: ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ಕಿತ್ತಿಡುತ್ತಾರೆ, ದೊಡ್ಡ ಸಾಮಾನಿನಲ್ಲಿ ಹಾಕಿ ಕಳಿಸಬೇಕು.

ಕಬ್ಬಿನ ರಸ ತಾಗಿದರೆ ಅದೇ ದಿನ ತೊಳೆದು ಒರೆಸಬೇಕು, ಇಲ್ಲದಿದ್ದರೆ ಕೀಲಿನಲ್ಲಿ ಅಂಟು ಕಟ್ಟಿ ಮಣ್ಣು ಕೂಡುತ್ತದೆ. ತಿಂಗಳಿಗೊಮ್ಮೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಸಾಕು. ಕೊಬ್ಬರಿ ಎಣ್ಣೆ ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗಿಳಿದರೆ ಅದು ಹೆಪ್ಪುಗಟ್ಟುತ್ತದೆ, ಚಳಿಗಾಲದ ಬೆಳಿಗ್ಗೆ ಹತಾರ ತೆರೆಯಲು ಇನ್ನೊಂದು ಹತಾರ ಬೇಕಾದೀತು.