ಗಾಳಿಯ ಕೈಗೆ ಚುಕ್ಕಾಣಿ

ತಿಪಟೂರಿಗೆ ಕೊಬ್ಬರಿ ಹೇರಿಕೊಂಡು ಹೋದ ನಮ್ಮ ತಾತ ಊರಿಗೆ ಮರಳುವಾಗ ಗಾಡಿಯಲ್ಲೇ ಮಲಗಿಬಿಡುತ್ತಿದ್ದರು. ಹಗ್ಗವನ್ನು ಗೂಟಕ್ಕೆ ಸುತ್ತಿ, ಹುಲ್ಲಿನ ಮೇಲೆ ಕಂಬಳಿ ಹಾಸಿ ಕಾಲು ಚಾಚಿದರೆ ಮುಗಿಯಿತು, ಮುಂದಿನದೆಲ್ಲ ಎತ್ತುಗಳದು. ಆರೇಳು ವರ್ಷದವನಿದ್ದಾಗ ಒಂದೆರಡು ಸಲ ನಾನೂ ಅವರ ಪಕ್ಕದಲ್ಲಿ ಮಲಗಿ ಬಂದಿದ್ದೇನೆ. ಗಾಡಿಯ ಅಡಿಯಲ್ಲಿ ತೂಗುವ ಲಾಟೀನು, ಅಚ್ಚಿನ ಕಿರುಗುಟ್ಟು, ಕೊರಳ ಗಂಟೆಯ ಸದ್ದು. ಕೆರೆ ಏರಿಯ ಹತ್ತಿರ ಬಂದಾಗ ಎತ್ತುಗಳು ತಾವಾಗಿಯೇ ಬಲಕ್ಕೆ ಹೊರಳುತ್ತಿದ್ದವು. ನಿದ್ದೆಗಣ್ಣಿನಲ್ಲೂ ಮೈ ಒಂದಿಷ್ಟು ವಾಲಿ ಅದು ಗೊತ್ತಾಗುತ್ತಿತ್ತು. ಯಾರೂ ಹೊಡೆಯದೆ ಒಂದು ಬಂಡಿ ತನ್ನ ದಾರಿ ತಾನು ಹಿಡಿದು ಹೋಗುವುದರಲ್ಲಿ ಎಂಥದೋ ನೆಮ್ಮದಿ ಇದೆ.

ಆ ನೆಮ್ಮದಿ ನನಗೆ ಮತ್ತೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಸಮುದ್ರದ ನಡುವೆ.

ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಕೆಲಸಕ್ಕೆಂದು ಬಂದ ನಾವಿಬ್ಬರೂ, ನಾನು ಮತ್ತು ನನ್ನ ಹೆಂಡತಿ, ನಡುವಯಸ್ಸಿನಲ್ಲಿ ಹಾಯಿದೋಣಿ ಕಲಿತವರು. ಕೊಂಡದ್ದು ಹಳೆಯದೊಂದು ಕಾಂಟೆಸ್ಸಾ 26. ಡೇವಿಡ್ ಸ್ಯಾಡ್ಲರ್ ಬರೆದ ನಕ್ಷೆಗೆ ಜೆರೆಮಿ ರೋಜರ್ಸ್ ಲಿಮಿಂಗ್ಟನ್ನಿನಲ್ಲಿ 1960ರ ದಶಕದಿಂದ ಕಟ್ಟಿದ ದೋಣಿಗಳಲ್ಲಿ ಅದೂ ಒಂದು. ಉದ್ದ ಇಪ್ಪತ್ತೈದೂವರೆ ಅಡಿ, ತೂಕ ಎರಡೂವರೆ ಟನ್ನಿನ ಆಸುಪಾಸು. ಹಿಂಭಾಗದ ಹೊರಗೋಡೆಗೆ ಬಾಗಿಲಿನಂತೆ ತಗುಲಿಸಿದ ಚುಕ್ಕಾಣಿ, ಅದರ ತಲೆಗೆ ಸಿಕ್ಕಿಸಿದ ಮರದ ಉದ್ದ ಹಿಡಿಕೆ, ಅಂದರೆ ಟಿಲ್ಲರ್. ಆ ಹಿಡಿಕೆ ಹಿಡಿದು ಕೂತರೆ ಇಡೀ ದೋಣಿಯ ಉಸಿರು ಅಂಗೈಗೆ ತಾಗುತ್ತದೆ. ಮೊದಲ ಎರಡು ಗಂಟೆ ಅದರಷ್ಟು ಸುಖ ಬೇರೊಂದಿಲ್ಲ.

ಆಮೇಲಿನ ಹನ್ನೆರಡು ಗಂಟೆಯದೇ ಕಷ್ಟ. ನೀಡಲ್ಸ್ ಬಂಡೆಗಳನ್ನು ದಾಟಿ ಫ್ರಾನ್ಸಿನ ಷೆರ್ಬೂರ್ ಮುಟ್ಟಲು ಸುಮಾರು 60 ನಾಟಿಕಲ್ ಮೈಲಿ. ನಮ್ಮ ದೋಣಿಯ ನಡಿಗೆಯಲ್ಲಿ ಅದು ಹದಿಮೂರು, ಹದಿನಾಲ್ಕು ಗಂಟೆಯ ದಾರಿ. ಟಿಲ್ಲರ್ ಬಿಟ್ಟು ಅರ್ಧ ನಿಮಿಷ ಆಚೀಚೆ ಸರಿದರೂ ದೋಣಿ ಗಾಳಿಯತ್ತ ಮೂತಿ ತಿರುಗಿಸುತ್ತದೆ, ಹಾಯಿಗಳು ಪಟಪಟ ಬಡಿದುಕೊಳ್ಳುತ್ತವೆ. ಒಬ್ಬರು ಹಿಡಿಕೆಗೆ ಅಂಟಿಕೊಂಡರೆ ನಕ್ಷೆ ನೋಡುವುದು, ಅಡ್ಡ ಬರುವ ಹಡಗುಗಳನ್ನು ಗಮನಿಸುವುದು, ಹಾಯಿ ಕುಗ್ಗಿಸುವುದು, ಬಿಸಿನೀರು ಕಾಯಿಸುವುದು ಎಲ್ಲವೂ ಇನ್ನೊಬ್ಬರ ಪಾಲು. ಮೊದಲ ಸಲ ಹೋಗಿ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು: "ಇಬ್ಬರಿಂದ ಆಗಲ್ಲ ಕಣ್ರೀ. ಇನ್ನೊಂದು ಕೈ ಬೇಕು."

ಮೂರನೆಯ ಕೈ ಹುಡುಕುವ ಕೆಲಸ ಅಲ್ಲಿಂದ ಶುರುವಾಯಿತು. ಎರಡು ಚಳಿಗಾಲ ಹಿಡಿಯಿತು. ಆ ಹುಡುಕಾಟವೇ ನನಗೆ ದೋಣಿಯನ್ನು ಕಲಿಸಿತು.

ಮೊದಲು ಹಗ್ಗದಿಂದಲೇ ಆರಂಭಿಸಿದೆ. ದೊಡ್ಡ ಹಾಯಿಯನ್ನು ಬಿಗಿಯುವ ಹಗ್ಗದಿಂದ ಒಂದು ಎಳೆ ತೆಗೆದು, ಗಾಳಿ ಬರುವ ಬದಿಯ ರಾಟೆಯಲ್ಲಿ ತೂರಿಸಿ ಟಿಲ್ಲರಿಗೆ ಕಟ್ಟಬೇಕು. ಎದುರು ಬದಿಯಿಂದ ಎಳೆಯಲು ಒಂದು ರಬ್ಬರ್ ಕೊಳವೆ. ಗಾಳಿ ಜೋರಾದರೆ ದೋಣಿ ಗಾಳಿಯ ಕಡೆಗೆ ತಿರುಗಲು ನೋಡುತ್ತದೆ. ಅದೇ ಗಳಿಗೆಯಲ್ಲಿ ಹಾಯಿಯ ಹಗ್ಗವೂ ಬಿಗಿದು ಟಿಲ್ಲರನ್ನು ಎಳೆಯುತ್ತದೆ, ಮೂತಿ ಮತ್ತೆ ದಾರಿಗೆ ಬರುತ್ತದೆ. ಗಾಳಿ ಇಳಿದರೆ ರಬ್ಬರಿನದು ಮೇಲುಗೈ. ಖರ್ಚು ಎಂದರೆ ಎರಡು ಗಜ ಕೊಳವೆ, ನಾಲ್ಕು ರಾಟೆ. ಎದುರು ಗಾಳಿ, ಪಕ್ಕದ ಗಾಳಿಗಳಲ್ಲಿ ಇದು ಚೆನ್ನಾಗಿಯೇ ನಡೆಯಿತು. ಬೆನ್ನ ಗಾಳಿಯಲ್ಲಿ ನನಗೆ ಒಗ್ಗಲಿಲ್ಲ. ಗಾಳಿ ಬದಲಾದಾಗಲೆಲ್ಲ ಬಿಚ್ಚಿ ಕಟ್ಟುವ ಕೆಲಸವೂ ತಪ್ಪಲಿಲ್ಲ.

ಆದರೆ ಆ ರಬ್ಬರ್ ಕೊಳವೆ ನನಗೊಂದು ಗುಟ್ಟು ಹೇಳಿಕೊಟ್ಟಿತು. ಹಾಯಿಗಳನ್ನು ಸರಿಯಾಗಿ ಹೊಂದಿಸದಿದ್ದರೆ ಯಾವ ಹಗ್ಗವೂ ದೋಣಿಯನ್ನು ಹಿಡಿಯಲಾರದು. ಹೊಂದಿಸಿದರೆ ಬೆರಳಷ್ಟು ಬಲ ಸಾಕು. ಜೋಶುವಾ ಸ್ಲೋಕಮ್ 1895ರಿಂದ 1898ರವರೆಗೆ ಸ್ಪ್ರೇ ಎಂಬ ದೋಣಿಯಲ್ಲಿ ಒಬ್ಬಂಟಿಯಾಗಿ ಭೂಮಿಯನ್ನು ಸುತ್ತಿದಾಗ ಅವನ ಬಳಿ ಯಂತ್ರವೇನೂ ಇರಲಿಲ್ಲ. ಚುಕ್ಕಾಣಿಯನ್ನು ಹಗ್ಗದಲ್ಲಿ ಕಟ್ಟಿಬಿಡುತ್ತಿದ್ದ, ಅಷ್ಟೆ. ಆಸ್ಟ್ರೇಲಿಯಾದ ಉತ್ತರದ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳವರೆಗಿನ 2,700 ಮೈಲಿಗಳನ್ನು ಅವನು 23 ದಿನದಲ್ಲಿ ದಾಟಿದ. ಅಷ್ಟೂ ದಿನಗಳಲ್ಲಿ ತಾನು ಚುಕ್ಕಾಣಿ ಹಿಡಿದದ್ದು ಒಟ್ಟು ಮೂರು ಗಂಟೆಗಿಂತ ಹೆಚ್ಚಲ್ಲ ಎಂದು ಬರೆದುಕೊಂಡಿದ್ದಾನೆ. ಸ್ಪ್ರೇ ಅಷ್ಟು ಸಮತೋಲದ ದೋಣಿ. ಅವನು ಹಾಯಿ ಹೊಂದಿಸುತ್ತಿದ್ದುದೂ ಅಷ್ಟು ಹದವಾಗಿ.

ಎರಡನೆಯದು ವಿದ್ಯುತ್ತಿನ ಟಿಲ್ಲರ್ ಪೈಲಟ್. ಮೊಣಕೈಯಿಂದ ಬೆರಳ ತುದಿಯಷ್ಟು ಉದ್ದದ ಒಂದು ಪೆಟ್ಟಿಗೆ, ಅದರೊಳಗೊಂದು ದಿಕ್ಸೂಚಿ, ಮೋಟಾರು, ಹೊರಗೆ ಚಾಚಿ ಒಳಗೆ ಸರಿಯುವ ಸರಳು. ದಿಕ್ಕು ಹೇಳಿ ಗುಂಡಿ ಒತ್ತಿದರೆ ಗುಂಯ್ ಗುಂಯ್ ಎನ್ನುತ್ತ ಟಿಲ್ಲರನ್ನು ನೂಕಿ ಎಳೆದು ಮಾಡುತ್ತದೆ. ಗಾಳಿಯಿಲ್ಲದ ದಿನ ಎಂಜಿನ್ ಹಾಕಿಕೊಂಡು ಹೋಗುವಾಗ ಇದರಷ್ಟು ಉಪಕಾರಿ ಇನ್ನೊಂದಿಲ್ಲ. ತೊಂದರೆ ಇರುವುದು ಅದರ ಹಸಿವಿನಲ್ಲಿ. ಸರಾಸರಿ ಒಂದು ಆಂಪಿಯರ್ ಎಂದುಕೊಂಡರೂ ಹಗಲು ರಾತ್ರಿ ಸೇರಿ ದಿನಕ್ಕೆ 24 ಆಂಪಿಯರ್-ಗಂಟೆ. ನಮ್ಮ ಬ್ಯಾಟರಿ 80ರದು, ಬ್ಯಾಟರಿ ಹಾಳಾಗದಂತೆ ಬಳಸಬಹುದಾದದ್ದು ಅದರ ಅರ್ಧ. ದೀಪ, ರೇಡಿಯೊಗಳನ್ನೂ ಲೆಕ್ಕಕ್ಕೆ ಹಿಡಿದರೆ ಎರಡನೆಯ ದಿನವೇ ಕತ್ತಲೆ. ಮೇಲಾಗಿ ಅಲೆ ಎದ್ದಷ್ಟೂ ಅದರ ದುಡಿಮೆ ಹೆಚ್ಚು, ಕುಡಿಯುವ ವಿದ್ಯುತ್ತೂ ಹೆಚ್ಚು. ನಮಗೆ ಸಹಾಯ ತುಂಬ ಬೇಕಾದ ಹೊತ್ತಿನಲ್ಲೇ ಅದು ತುಂಬ ದಣಿದಿರುತ್ತದೆ. ನಮ್ಮದು ಎರಡನೆಯ ಬೇಸಿಗೆಯಲ್ಲಿ ಇಂಗ್ಲೆಂಡ್-ಫ್ರಾನ್ಸ್ ನಡುವಿನ ಕಡಲ್ಗಾಲುವೆಯ ನಟ್ಟನಡುವೆ ಉಪ್ಪುನೀರು ಕುಡಿದು ನಿಂತಿತು. ರಾತ್ರಿ ಎರಡು ಗಂಟೆ, ಪಶ್ಚಿಮದಿಂದ ಸಾಲುಗಟ್ಟಿ ಬರುತ್ತಿದ್ದ ಸರಕು ಹಡಗುಗಳ ದೀಪ. ಬೆಳಗಿನವರೆಗೂ ಗಂಟೆಗೊಬ್ಬರಂತೆ ಹಿಡಿಕೆ ಹಿಡಿದೆವು.

ಆ ಚಳಿಗಾಲ ನಾನು ಓದಿದ್ದೆಲ್ಲ ಗಾಳಿಯಿಂದ ನಡೆಯುವ ಚುಕ್ಕಾಣಿಗಳ ಬಗ್ಗೆ. ಇವನ್ನು ವಿಂಡ್‌ವೇನ್ ಎನ್ನುತ್ತಾರೆ. ಒಂದು ತೆಳು ಹಲಗೆ ಗಾಳಿಯನ್ನು ನೋಡುತ್ತ ನಿಲ್ಲುವುದು ಎಲ್ಲದರಲ್ಲೂ ಇದೆ. ಆ ಹಲಗೆಯ ಬಡ ಬಲವನ್ನು ಎರಡೂವರೆ ಟನ್ನಿನ ದೋಣಿ ತಿರುಗಿಸುವಷ್ಟು ದೊಡ್ಡದು ಮಾಡುವ ಬಗೆ ಮಾತ್ರ ಬೇರೆಬೇರೆ. ಮುಖ್ಯ ಚುಕ್ಕಾಣಿಯ ಹಿಂದಂಚಿಗೆ ಪುಟ್ಟ ಪಟ್ಟಿಯೊಂದನ್ನು ಕೀಲಿನಿಂದ ಜೋಡಿಸಿ ಅದನ್ನು ತಿರುಗಿಸುವುದು ಒಂದು ದಾರಿ. ಪಟ್ಟಿ ಎಡಕ್ಕೆ ತಿರುಗಿದರೆ ನೀರಿನ ಒತ್ತಡ ಚುಕ್ಕಾಣಿಯನ್ನು ಬಲಕ್ಕೆ ದಬ್ಬುತ್ತದೆ. ಫ್ರಾನ್ಸಿನ ಬರ್ನಾರ್ ಮೊಯ್ತೆಸಿಯೆ ಸ್ಲೋಕಮ್‌ನ ನೆನಪಿಗೆ ಜೋಶುವಾ ಎಂದೇ ಹೆಸರಿಟ್ಟ ತನ್ನ ಉಕ್ಕಿನ ದೋಣಿಯಲ್ಲಿ ಬಳಸಿದ್ದು ಇದನ್ನೇ. ನಮ್ಮಂತೆ ಚುಕ್ಕಾಣಿ ಹೊರಗೆ ತೂಗುವ ದೋಣಿಗೆ ಒಪ್ಪುವಂಥದು, ಕೈಗೆಲಸ ಬಲ್ಲವರು ಮನೆಯಲ್ಲೇ ಮಾಡಿಕೊಳ್ಳಬಹುದು. ನನ್ನ ಕೈಗೆಲಸದ ಮೇಲೆ ಸಾಗರದಲ್ಲಿ ಭರವಸೆ ಇಡಲು ಮನಸ್ಸಾಗಲಿಲ್ಲ. ಇನ್ನೊಂದು, ಹೈಡ್ರೋವೇನ್‌ನಂಥವು, ತಮ್ಮದೇ ಎರಡನೆಯ ಚುಕ್ಕಾಣಿಯನ್ನು ಹೊತ್ತು ಬರುತ್ತವೆ. ಮುಖ್ಯ ಚುಕ್ಕಾಣಿ ಮುರಿದರೂ ಅದು ಕಾಯುತ್ತದೆ, ಅದು ಸಣ್ಣ ಗುಣವಲ್ಲ. ದೋಣಿ ದೊಡ್ಡದಿದ್ದು ಕೈಯಲ್ಲಿ ಹಣವಿದ್ದರೆ ಅದೇ ಸರಿ. ನಮ್ಮ ದೋಣಿಯ ಇಕ್ಕಟ್ಟಾದ ಹಿಂಭಾಗಕ್ಕೆ ಅದು ಹೊರೆ.

ಮೂರನೆಯ ಬಗೆಗೆ ನಾನು ಸೋತೆ. ಸರ್ವೋ-ಪೆಂಡ್ಯುಲಮ್ ಎಂಬ ಈ ಲೋಲಕ ಪದ್ಧತಿಯನ್ನು ರೂಪಿಸಿದವರು ಬ್ರಿಟಿಷ್ ನೌಕಾದಳದಲ್ಲಿದ್ದ ಬ್ಲಾಂಡಿ ಹ್ಯಾಸ್ಲರ್. 1960ರಲ್ಲಿ ಪ್ಲಿಮತ್ತಿನಿಂದ ನ್ಯೂಯಾರ್ಕಿಗೆ ಒಬ್ಬೊಬ್ಬರೇ ಹೋಗುವ ಪಂದ್ಯ ಹುಟ್ಟಲು ಕಾರಣರಾದವರೂ ಅವರೇ. ಫ್ರಾನ್ಸಿಸ್ ಚಿಚೆಸ್ಟರ್ 40 ದಿನದಲ್ಲಿ ಮೊದಲಿಗರಾಗಿ ತಲುಪಿದರು, ಜೆಸ್ಟರ್ ಎಂಬ ಇಪ್ಪತ್ತೈದು ಅಡಿಯ ದೋಣಿಯಲ್ಲಿ ಹ್ಯಾಸ್ಲರ್ 48 ದಿನದಲ್ಲಿ ಎರಡನೆಯವರಾಗಿ. ಒಬ್ಬ ಮನುಷ್ಯ ಪುಟ್ಟ ದೋಣಿಯಲ್ಲಿ ನಿದ್ದೆ ಮಾಡಿಕೊಂಡೇ ಅಟ್ಲಾಂಟಿಕ್ ದಾಟಬಲ್ಲ ಎಂದು ಜನ ನಂಬಿದ್ದು ಆಗ. ನಮ್ಮ ಕಾಂಟೆಸ್ಸಾದ ಮೈಕಟ್ಟೂ ಜೆಸ್ಟರ್‌ನಂತೆ ಫೋಕ್‌ಬೋಟ್ ಎಂಬ ದೋಣಿಗಳ ವಂಶದ್ದೇ.

ಬ್ಯೂಲಿಯಲ್ಲಿ ಹಳೆಯ ದೋಣಿ ಸಾಮಾನುಗಳ ಸಂತೆ ನಡೆಯುತ್ತಿತ್ತು. ಒಂದು ಏಪ್ರಿಲ್‌ನಲ್ಲಿ, ತುಕ್ಕು ಹಿಡಿದ ಸರಪಳಿ, ಮಾಸಿದ ಹಾಯಿಗಳ ರಾಶಿಯ ನಡುವೆ ಟಾರ್ಪಾಲಿನ ಮೇಲೆ ಅದು ಮಲಗಿತ್ತು: ಒಂದು ಏರೀಸ್. ಸೋಲೆಂಟ್ ಜಲಸಂಧಿಯ ಆಚೆ ದಡದ ಕೌಸ್‌ನಲ್ಲಿ ನಿಕ್ ಫ್ರಾಂಕ್ಲಿನ್ 1960ರ ದಶಕದ ಕೊನೆಯಲ್ಲಿ ತಯಾರಿಸಲು ಆರಂಭಿಸಿದ, ಇದೇ ಲೋಲಕ ಪದ್ಧತಿಯ ಯಂತ್ರ. ತಾತ ಎತ್ತು ಕೊಳ್ಳುವಾಗ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ನಾನೂ ಮಂಡಿಯೂರಿ ಕೂತು ಹಲ್ಲುಗಾಲಿಗಳ ಹಲ್ಲು ನೋಡಿದೆ. ನೀರಿಗೆ ಇಳಿಬಿಡುವ ಹುಟ್ಟನ್ನು ಬೆರಳಲ್ಲಿ ತಳ್ಳಿ ಎಲ್ಲಾದರೂ ತಡೆಯುತ್ತದೆಯೇ ಎಂದು ಪರೀಕ್ಷಿಸಿದೆ. ಉಪ್ಪು ಕಟ್ಟಿ ಒಂದು ಕೀಲು ಬಿಗಿದಿತ್ತು. ಸಿಹಿನೀರಲ್ಲಿ ನೆನೆಹಾಕಿದರೆ ಬಿಡುತ್ತದೆ ಎಂದು ಮಾರುವಾತ ಹೇಳಿದ್ದು ನಿಜವಾಯಿತು.

ಅದು ಕೆಲಸ ಮಾಡುವ ಬಗೆಯನ್ನು ನಾನು ನೂರು ಸಲ ನೋಡಿದ್ದೇನೆ, ಇನ್ನೂ ಕಣ್ಣು ತಣಿದಿಲ್ಲ. ದೋಣಿಯನ್ನು ದಾರಿಗೆ ಹಚ್ಚಿ, ಪ್ಲೈವುಡ್ ಹಲಗೆಯ ಅಂಚು ಗಾಳಿಗೆ ಎದುರಾಗುವಂತೆ ನಿಲ್ಲಿಸಬೇಕು. ಅಂಚಿಗೆ ಗಾಳಿ ಬಡಿದರೆ ಹಲಗೆ ನೆಟ್ಟಗಿರುತ್ತದೆ. ದೋಣಿ ಕೊಂಚ ದಾರಿ ತಪ್ಪಿತೋ, ಗಾಳಿ ಹಲಗೆಯ ಮುಖಕ್ಕೆ ತಾಗುತ್ತದೆ, ಹಲಗೆ ವಾಲುತ್ತದೆ. ವಾಲಿದ ಹಲಗೆ ಕೆಳಗೆ ನೀರಿನಲ್ಲಿ ಇಳಿಬಿಟ್ಟ ಉದ್ದ ಹುಟ್ಟನ್ನು ತುಸುವೇ ಹೊರಳಿಸುತ್ತದೆ. ಗಾಳಿಯ ಕೆಲಸ ಇಷ್ಟೇ, ಬೀಗದಲ್ಲಿ ಕೀಲಿ ತಿರುಗಿಸಿದಷ್ಟು. ಹೊರಳಿದ ಹುಟ್ಟಿಗೆ ಹರಿಯುವ ನೀರು ಓರೆಯಾಗಿ ಬಡಿದು ಅದನ್ನು ಗಡಿಯಾರದ ಲೋಲಕದಂತೆ ಪಕ್ಕಕ್ಕೆ ಎತ್ತಿಬಿಡುತ್ತದೆ. ಆ ಎಳೆತ ಎಷ್ಟೆಂದರೆ ಕೈಯಲ್ಲಿ ಹಿಡಿದು ನಿಲ್ಲಿಸಲು ಹೋಗಬಾರದು. ಹುಟ್ಟಿಗೆ ಕಟ್ಟಿದ ಹಗ್ಗಗಳು ರಾಟೆಗಳ ಮೇಲೆ ಓಡಿ ಟಿಲ್ಲರನ್ನು ಎಳೆಯುತ್ತವೆ, ದೋಣಿ ದಾರಿಗೆ ಮರಳುತ್ತದೆ, ಹಲಗೆ ಎದ್ದು ನಿಲ್ಲುತ್ತದೆ, ಹುಟ್ಟು ನಡುವಿಗೆ ಬರುತ್ತದೆ. ದೋಣಿ ವೇಗವಾಗಿ ಓಡಿದಷ್ಟೂ ನೀರಿನ ಬಲ ಹೆಚ್ಚುವುದರಿಂದ ಬಿರುಗಾಳಿಯಲ್ಲಿ ಇದರ ತೋಳು ಇನ್ನೂ ಗಟ್ಟಿಯಾಗುತ್ತದೆ. ಒಂದು ಹನಿ ವಿದ್ಯುತ್ತು ಬೇಡ.

ದೋಷಗಳಿವೆ. ಇದು ಅನುಸರಿಸುವುದು ಗಾಳಿಯನ್ನು, ದಿಕ್ಕನ್ನಲ್ಲ. ಗಾಳಿ ತಿರುಗಿದರೆ ದೋಣಿಯೂ ಸದ್ದಿಲ್ಲದೆ ತಿರುಗುತ್ತದೆ, ಆದ್ದರಿಂದ ದಿಕ್ಸೂಚಿಯ ಮೇಲೆ ಒಂದು ಕಣ್ಣು ಇರಲೇಬೇಕು. ಬೆನ್ನ ಹಿಂದೆ ಎಂಟು ನಾಟ್ ಗಾಳಿ ಇದ್ದು ದೋಣಿ ನಾಲ್ಕು ನಾಟ್ ಓಡುತ್ತಿದ್ದರೆ ಹಲಗೆಗೆ ದಕ್ಕುವುದು ನಾಲ್ಕೇ ನಾಟ್. ಆಗ ಅದು ತೂಕಡಿಸುತ್ತದೆ. ಹಾಗಾಗಿ ಟಿಲ್ಲರ್ ಪೈಲಟ್ಟನ್ನು ನಾವು ಎಸೆಯಲಿಲ್ಲ. ರಿಪೇರಿ ಮಾಡಿಸಿ, ಗಾಳಿ ಸತ್ತ ದಿನಗಳಿಗೆಂದು ಒಣ ಜಾಗದಲ್ಲಿ ಇಟ್ಟಿದ್ದೇವೆ.

ಮುರಿಯುವುದೂ ಉಂಟು. ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ಸುಹೈಲಿ ದೋಣಿಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968-69ರಲ್ಲಿ 312 ದಿನ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದಾಗ, ಅವರ ಗಾಳಿಯ ಚುಕ್ಕಾಣಿ ದಾರಿಯಲ್ಲೇ ಹಾಳಾಗಿ ಹೋಯಿತು. ಉಳಿದ ದಾರಿಯನ್ನು ಅವರು ಹಾಯಿಗಳ ಸಮತೋಲವನ್ನು ನಂಬಿ ಕ್ರಮಿಸಿದರು. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ ಒಬ್ಬೊಬ್ಬರೇ ಭೂಮಿ ಸುತ್ತುವ 2022-23ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಮತ್ತೆ ಮತ್ತೆ ಕೈಕೊಟ್ಟ ವಿಂಡ್‌ವೇನಿಗೆ ದೋಣಿಯ ಶೌಚಾಲಯದ ಬಾಗಿಲನ್ನೇ ಕತ್ತರಿಸಿ ಹಲಗೆ ಮಾಡಿಕೊಂಡು, 236 ದಿನಗಳಲ್ಲಿ ಎರಡನೆಯವರಾಗಿ ಗುರಿ ಮುಟ್ಟಿದರು. ಬಾಗಿಲು ಕೊಯ್ದು ಚುಕ್ಕಾಣಿಗೆ ಜೋಡಿಸಬಹುದಾದ ಯಂತ್ರ ಎಂಬುದೇ ಅದರ ಹೆಚ್ಚುಗಾರಿಕೆ ಎಂದು ನಾನು ತಿಳಿದಿದ್ದೇನೆ. ಉಪ್ಪುನೀರು ಕುಡಿದ ಪೆಟ್ಟಿಗೆಯನ್ನು ಸಾಗರದ ಮಧ್ಯೆ ಬಿಚ್ಚಿ ಏನು ಮಾಡಲಾದೀತು?

ಏರೀಸ್ ಕಟ್ಟಿದ ಮೇಲಿನ ಮೊದಲ ರಾತ್ರಿ ನನ್ನ ಹೆಂಡತಿ ಎರಡು ಲೋಟ ಕಾಫಿ ತಂದಳು. ಇಬ್ಬರೂ ಪಕ್ಕದಲ್ಲಿ ಕೂತು ಕುಡಿದೆವು. ಅಷ್ಟು ವರ್ಷಗಳಲ್ಲಿ ಸಮುದ್ರದ ಮೇಲೆ ಅದೇ ಮೊದಲ ಸಲ. ನಮ್ಮ ಎದುರಿಗೆ ಟಿಲ್ಲರ್ ತನ್ನಷ್ಟಕ್ಕೆ ಎರಡು ಬೆರಳು ಈಚೆ, ಎರಡು ಬೆರಳು ಆಚೆ ಆಡುತ್ತಿತ್ತು. ಅಲೆಯೊಂದು ಹಿಂಬದಿಯನ್ನು ದಬ್ಬಿದಾಗ ನನ್ನ ಮೈ ತಾನೇ ವಾಲಿತು. ಕೆರೆ ಏರಿಯ ತಿರುವು ನೆನಪಾಯಿತು.

ಒಂದು ವ್ಯತ್ಯಾಸ ಉಂಟು. ತಾತ ಒಮ್ಮೆ ನಿದ್ದೆಯಲ್ಲಿ ಗಾಡಿಯಿಂದ ಉರುಳಿ ಬಿದ್ದರಂತೆ. ಹತ್ತು ಮಾರು ಹೋದ ಎತ್ತುಗಳು ನಿಂತವು, ಅವರು ಎದ್ದು ಮಣ್ಣು ಕೊಡವಿಕೊಂಡು ಬರುವವರೆಗೂ ನಿಂತೇ ಇದ್ದವು. ವಿಂಡ್‌ವೇನ್ ನಿಲ್ಲುವುದಿಲ್ಲ. ಐದು ನಾಟ್ ವೇಗದ ದೋಣಿ ಒಂದು ನಿಮಿಷಕ್ಕೆ 150 ಮೀಟರಿಗೂ ಹೆಚ್ಚು ದೂರ ಹೋಗಿರುತ್ತದೆ, ದಾರಿ ಒಂದಿಷ್ಟೂ ತಪ್ಪದೆ. ಆದ್ದರಿಂದ ಇಂಥದೊಂದನ್ನು ಕೊಳ್ಳಲು ಹೊರಟವರು ಅದಕ್ಕೂ ಮೊದಲು ಮೈಗೆ ಕಟ್ಟುವ ಗಟ್ಟಿ ಹಾರ್ನೆಸ್ ಕೊಳ್ಳಿ. ಅದರ ಕೊಂಡಿ ಸಿಕ್ಕಿಸುವ ಬಳೆಯನ್ನು ಕ್ಯಾಬಿನ್ನಿನ ಬಾಗಿಲಲ್ಲೇ ಹಾಕಿಸಿ. ಹೊರಗೆ ಕಾಲಿಡುವ ಮುಂಚೆ, ಸಮುದ್ರ ಎಷ್ಟೇ ಶಾಂತವಾಗಿರಲಿ, ಸಿಕ್ಕಿಸಿಕೊಳ್ಳಿ.